ಉಸಿರು ದೊಡ್ಡದಾಗುವುದು ಬೇಡ, ಉದ್ದವಾದರೆ ಸಾಕು

ಕೆಲವು ವರ್ಷಗಳ ಹಿಂದೆ ಕಾರವಾರದ ಕಡಲತೀರದಲ್ಲಿ ನಡೆದ ಒಂದು ಬೆಳಗಿನ ಶಿಬಿರಕ್ಕೆ ಹೋಗಿದ್ದೆ. ಮರಳಿನ ಮೇಲೆ ಜಮಖಾನ ಹಾಸಿಕೊಂಡು ನಲವತ್ತು ಜನ ಕೂತಿದ್ದೆವು. ಮೈಕು ಹಿಡಿದವರು ‘ಎದೆ ತುಂಬ ಎಳೆಯಿರಿ, ಇನ್ನೂ, ಇನ್ನೂ’ ಎಂದು ಹುರಿದುಂಬಿಸುತ್ತಿದ್ದರು. ನಾನೂ ಎಳೆದೆ. ಐದು ನಿಮಿಷ ಕಳೆಯುವುದರೊಳಗೆ ತುಟಿಯ ಸುತ್ತ ಜುಮುಜುಮು ಎನ್ನತೊಡಗಿತು. ಬೆರಳ ತುದಿಯಲ್ಲಿ ಇರುವೆ ಹರಿದಂತಾಯಿತು. ದೂರದ ಸದಾಶಿವಗಡದ ಗುಡ್ಡ ಒಂದು ಕಡೆಗೆ ವಾಲಿತು. ಪಕ್ಕದಲ್ಲಿದ್ದವರು ‘ಶಕ್ತಿ ಏರುತ್ತಿದೆ ಸರ್’ ಎಂದು ಧೈರ್ಯ ಹೇಳಿದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನಿಗೆ ಆಗ ಬುದ್ಧಿ ಬಂತು. ಏರುವುದು ಏನೂ ಇರಲಿಲ್ಲ, ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತಿತ್ತು.

ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕ ಮೊದಲೇ ನೂರಕ್ಕೆ 95ರಿಂದ 99ರಷ್ಟು ತುಂಬಿರುತ್ತದೆ. ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಹೊಯ್ದರೆ ಚೆಲ್ಲುತ್ತದೆ ಅಷ್ಟೇ. ಜೋರಾಗಿ ಉಸಿರಾಡಿದಾಗ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಬೇಕಾದದ್ದಕ್ಕಿಂತ ಹೆಚ್ಚು ಹೊರಹೋಗುತ್ತದೆ. ಅದು ಕಡಿಮೆಯಾದಾಗ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಹಗುರಾಗುವುದು ಅಲ್ಲಿಂದ. ಬೆರಳು ಜುಮುಗುಡುವುದು ರಕ್ತ ಹೆಚ್ಚು ಕ್ಷಾರೀಯವಾಗಿ ನರಗಳು ಕೆರಳುವುದರಿಂದ.

ಹೃದಯಕ್ಕೂ ನರಮಂಡಲಕ್ಕೂ ಉಪಕಾರವಾಗುವುದು ನಿಧಾನದ ಉಸಿರಿನಿಂದ. ಅದನ್ನು ಮನೆಯ ಜಗಲಿಯಲ್ಲಿ ಕೂತು ಕಲಿಯುವ ಬಗೆಯನ್ನು ಇಲ್ಲಿ ಬರೆದಿದ್ದೇನೆ. ನನಗೂ ರಕ್ತದೊತ್ತಡದ ಮಾತ್ರೆ ಇದೆ, ಅದನ್ನು ನಾನು ಬಿಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮೊದಲು ಎಣಿಕೆ

ನಿಮಿಷಕ್ಕೆ ನೀವು ಎಷ್ಟು ಬಾರಿ ಉಸಿರಾಡುತ್ತೀರಿ ಎಂದು ತಿಳಿದುಕೊಳ್ಳಿ. ಆದರೆ ನೀವೇ ಎಣಿಸಬೇಡಿ. ಎಣಿಸಲು ಕೂತ ಕ್ಷಣವೇ ಉಸಿರು ಸುಳ್ಳು ಹೇಳಲು ಶುರುಮಾಡುತ್ತದೆ. ಮನೆಯವರಿಗೆ ಹೇಳಿ, ನಿಮಗೆ ಗೊತ್ತಾಗದಂತೆ ಒಂದು ನಿಮಿಷ ಎದೆಯ ಏರಿಳಿತ ಎಣಿಸಲಿ. ಸುಮ್ಮನೆ ಕೂತ ವಯಸ್ಕರಿಗೆ 12ರಿಂದ 20 ಸಾಮಾನ್ಯ.

ಶಿರಸಿ ಹತ್ತಿರದ ನಮ್ಮ ಮೂಲ ಮನೆಯಲ್ಲಿ ಅತ್ತಿಗೆ ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾಗ ಅಣ್ಣ ಪೇಪರಿನ ಮರೆಯಿಂದ ಎಣಿಸಿದ. ಹತ್ತೊಂಬತ್ತು. ಅತ್ತಿಗೆಗೆ ಅರವತ್ತೆಂಟು ವರ್ಷ, ಬಿ.ಪಿ. ಶುರುವಾಗಿ ಹತ್ತು ವರ್ಷವಾಗಿದೆ. ಇದಕ್ಕೊಂದು ಅಭ್ಯಾಸವಿದೆ ಎಂದು ನಾನು ಹೇಳಿದಾಗ ಕೈ ನಿಲ್ಲಿಸದೆಯೇ ‘ಉಸಿರಾಡುವುದನ್ನೂ ನೀನೇ ಕಲಿಸಬೇಕೇನೋ ತಮ್ಮ?’ ಎಂದರು.

ಎರಡನೆಯದು ನಾಡಿ. ಎಡಗೈಯ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿಗೆ ಇಳಿಯುವಲ್ಲಿ ಬಲಗೈಯ ಎರಡು ಬೆರಳುಗಳನ್ನು ಹಗುರವಾಗಿ ಇಟ್ಟು ನಾಡಿ ಹುಡುಕಿ. ಈಗ ನಿಧಾನವಾಗಿ ಉಸಿರು ಒಳಗೆ ತೆಗೆದುಕೊಳ್ಳಿ, ಇನ್ನೂ ನಿಧಾನವಾಗಿ ಹೊರಗೆ ಬಿಡಿ. ಒಳಗೆ ಬರುವಾಗ ಬಡಿತಗಳು ಸ್ವಲ್ಪ ಒತ್ತೊತ್ತಾಗಿ ಬೀಳುತ್ತವೆ, ಹೊರಗೆ ಹೋಗುವಾಗ ನಡುವೆ ಅಂತರ ಹೆಚ್ಚುತ್ತದೆ. ಮೊಮ್ಮಕ್ಕಳ ಕೈ ಹಿಡಿದು ನೋಡಿದರೆ ಇದು ಸ್ಪಷ್ಟವಾಗಿ ಸಿಗುತ್ತದೆ. ವಯಸ್ಸಾದಂತೆ ಮಸುಕಾಗುತ್ತದೆ. ಇದು ರೋಗವಲ್ಲ, ಹೃದಯ ಮತ್ತು ಉಸಿರು ಮಾತಾಡಿಕೊಳ್ಳುವ ರೀತಿ. ಬಹುಕಾಲದ ಮಧುಮೇಹದಿಂದ ನರಗಳು ಸೊರಗಿವೆಯೇ ಎಂದು ನೋಡಲು ವೈದ್ಯರು ಮಾಡುವ ಪರೀಕ್ಷೆಗಳಲ್ಲೊಂದು ಇದೇ. ನಿಮಿಷಕ್ಕೆ 6ರಂತೆ ಉಸಿರಾಡಿಸಿ ಇಸಿಜಿ ತೆಗೆಯುತ್ತಾರೆ. ಒಳ ಉಸಿರಿನಲ್ಲಿನ ಮತ್ತು ಹೊರ ಉಸಿರಿನಲ್ಲಿನ ಬಡಿತದ ವ್ಯತ್ಯಾಸ ನಿಮಿಷಕ್ಕೆ 15 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನರ ಸರಿಯಾಗಿದೆ ಎಂದೂ, 10 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ತೊಂದರೆಯಿದೆ ಎಂದೂ ಲೆಕ್ಕ.

ಉಸಿರಿಗೆ ಸಂಬಂಧವೇ ಇಲ್ಲದಂತೆ ನಾಡಿ ಅಡ್ಡಾದಿಡ್ಡಿ ಬಡಿಯುತ್ತಿದ್ದರೆ ಅಭ್ಯಾಸ ಅಲ್ಲಿಗೇ ನಿಲ್ಲಿಸಿ, ಮೊದಲು ಇಸಿಜಿ ಮಾಡಿಸಿ.

ಘಟ್ಟ ಇಳಿಯುವ ಬಸ್ಸು

ಯಾಕೆ ಹೀಗಾಗುತ್ತದೆ? ಹೃದಯದ ಮೇಲ್ಭಾಗದಲ್ಲಿ ಬಡಿತ ಹುಟ್ಟಿಸುವ ಒಂದು ಗಂಟು ಇದೆ. ಅದನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಬಾರಿ ಬಡಿಯುತ್ತದೆ. ಸುಮ್ಮನೆ ಕೂತಾಗ ನಮ್ಮ ನಾಡಿ 70ರ ಆಸುಪಾಸಿನಲ್ಲಿರಲು ಕಾರಣ ವೇಗಸ್ ನರ. ಮಿದುಳಿನ ಬುಡದಲ್ಲಿ ಹುಟ್ಟಿ, ಕುತ್ತಿಗೆಯ ಎರಡೂ ಬದಿಯಲ್ಲಿ ಇಳಿದು, ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೆ ಅಲೆದಾಡುವ ನರ ಅದು. ಲ್ಯಾಟಿನ್‌ನಲ್ಲಿ ವೇಗಸ್ ಎಂದರೆ ಅಲೆಮಾರಿ ಎಂದೇ ಅರ್ಥ. ನಮ್ಮ ‘ವೇಗ’ಕ್ಕೂ ಅದಕ್ಕೂ ನಂಟಿಲ್ಲ, ಅದರ ಕೆಲಸ ವೇಗ ತಗ್ಗಿಸುವುದು.

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವ ಬಸ್ಸನ್ನು ನೆನೆಯಿರಿ. ಬಿಟ್ಟರೆ ಗಾಡಿ ತಾನಾಗಿಯೇ ಓಡುತ್ತದೆ. ಚಾಲಕ ಬ್ರೇಕನ್ನು ಒತ್ತುತ್ತ, ಸಡಿಲಿಸುತ್ತ ಇಳಿಸುತ್ತಾನೆ. ವೇಗಸ್ ಮಾಡುವುದೂ ಅದೇ. ಉಸಿರು ಒಳಗೆ ಎಳೆದಾಗ ಮಿದುಳಿನ ಬುಡದಲ್ಲಿರುವ ಉಸಿರಿನ ಕೇಂದ್ರ ಈ ಬ್ರೇಕನ್ನು ಸಡಿಲಿಸುತ್ತದೆ, ಹೊರಗೆ ಬಿಟ್ಟಾಗ ಮತ್ತೆ ಒತ್ತುತ್ತದೆ. ಹೊರ ಉಸಿರು ಉದ್ದವಾದಷ್ಟೂ ಬ್ರೇಕ್ ಒತ್ತಿರುವ ಹೊತ್ತು ಹೆಚ್ಚು. ನಮ್ಮನ್ನು ಓಡಿಸುವ, ಬೆವರಿಳಿಸುವ ಸಿಂಪಥೆಟಿಕ್ ನರಗಳು ಬಡಿತ ಏರಿಸಲು ಕೆಲವು ಸೆಕೆಂಡು ತೆಗೆದುಕೊಳ್ಳುತ್ತವೆ. ವೇಗಸ್ ಒಂದೆರಡು ಬಡಿತದೊಳಗೇ ಕೆಲಸ ಮುಗಿಸುತ್ತದೆ. ಒಂದೇ ಉಸಿರಿನಲ್ಲಿ ನಾಡಿಯ ಏರಿಳಿತ ಬೆರಳಿಗೆ ಸಿಗುವುದು ಈ ಚುರುಕಿನಿಂದಲೇ.

ಈ ಬ್ರೇಕ್ ಹೇಗೆ ಕೆಲಸ ಮಾಡುತ್ತದೆಂದು ತೋರಿಸಿಕೊಟ್ಟದ್ದು ಕಪ್ಪೆ. 1921ರಲ್ಲಿ ಆಟೊ ಲೋವಿ ಎಂಬ ವಿಜ್ಞಾನಿ ಎರಡು ಕಪ್ಪೆ ಹೃದಯಗಳನ್ನು ಇಟ್ಟುಕೊಂಡು ಒಂದರ ವೇಗಸ್ ನರವನ್ನು ಕೆಣಕಿದ. ಅದು ನಿಧಾನವಾಯಿತು. ಅದರ ಸುತ್ತಲಿನ ದ್ರವವನ್ನು ತೆಗೆದು ಎರಡನೆಯ ಹೃದಯಕ್ಕೆ ಹಾಕಿದಾಗ, ಯಾವ ನರವನ್ನೂ ಮುಟ್ಟದೆ ಅದೂ ನಿಧಾನವಾಯಿತು. ನರ ಹೊರಬಿಟ್ಟ ವಸ್ತು ಅಸಿಟೈಲ್‌ಕೋಲಿನ್ ಎಂದು ಆಮೇಲೆ ಗೊತ್ತಾಯಿತು. 1936ರಲ್ಲಿ ಲೋವಿಗೆ ನೊಬೆಲ್ ಪ್ರಶಸ್ತಿಯ ಪಾಲು ಬಂತು. ಮಳೆಗಾಲದ ರಾತ್ರಿ ಶಿರಸಿಯ ತೋಟದಲ್ಲಿ ಕಪ್ಪೆಗಳು ಒಟ್ಟಾಗಿ ಕೂಗುವಾಗ ನನಗೆ ಈ ಋಣ ನೆನಪಾಗುತ್ತದೆ.

ಆರೇ ಏಕೆ?

ನಿಮಿಷಕ್ಕೆ ಸುಮಾರು ಆರು, ಅಂದರೆ ಹತ್ತು ಸೆಕೆಂಡಿಗೆ ಒಂದು ಉಸಿರು. ಇದು ಯಾರೋ ಮನಸ್ಸಿಗೆ ಬಂದಂತೆ ಇಟ್ಟ ಸಂಖ್ಯೆಯಲ್ಲ. ದವಡೆಯ ಕೆಳಗೆ ಕುತ್ತಿಗೆಯ ಧಮನಿಯಲ್ಲಿ, ಮತ್ತು ಹೃದಯದಿಂದ ಹೊರಡುವ ಮಹಾಧಮನಿಯ ಬಾಗಿನಲ್ಲಿ, ರಕ್ತದ ಒತ್ತಡವನ್ನು ಅಳೆಯುವ ನರತುದಿಗಳಿವೆ. ಒತ್ತಡ ಏರಿದರೆ ಅವು ಮಿದುಳಿಗೆ ತಿಳಿಸುತ್ತವೆ, ಮಿದುಳು ಬ್ರೇಕ್ ಒತ್ತಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಒತ್ತಡ ಇಳಿದರೆ ಇದರ ವಿರುದ್ಧ. ಸುದ್ದಿ ಹೋಗಿ ಕೆಲಸ ಆಗುವುದಕ್ಕೆ ಕೆಲವು ಸೆಕೆಂಡು ತಡವಾಗುವುದರಿಂದ ಈ ವ್ಯವಸ್ಥೆ ತನ್ನಷ್ಟಕ್ಕೆ ಸುಮಾರು ಹತ್ತು ಸೆಕೆಂಡಿಗೊಮ್ಮೆ ತೂಗುತ್ತಿರುತ್ತದೆ.

ತೊಟ್ಟಿಲು ತೂಗಿದವರಿಗೆ ಮುಂದಿನದು ಹೇಳಬೇಕಾಗಿಲ್ಲ. ತೊಟ್ಟಿಲಿಗೆ ಅದರದೇ ಲಯವಿದೆ. ಆ ಲಯಕ್ಕೆ ಕೈ ಸೇರಿಸಿದರೆ ಬೆರಳ ತುದಿಯ ಒತ್ತು ಸಾಕು, ಲಯ ತಪ್ಪಿದರೆ ಎಷ್ಟು ನೂಕಿದರೂ ಮಗು ಏಳುತ್ತದೆ. ಹತ್ತು ಸೆಕೆಂಡಿನ ಉಸಿರು ಆ ಹತ್ತು ಸೆಕೆಂಡಿನ ತೂಗಾಟಕ್ಕೆ ಸೇರಿದಾಗ ನಾಡಿಯ ಏರಿಳಿತ ದೊಡ್ಡದಾಗುತ್ತದೆ, ಒತ್ತಡ ಕಾಯುವ ನರಗಳು ಹೆಚ್ಚು ಚುರುಕಾಗುತ್ತವೆ. ಎಲ್ಲರಿಗೂ ಕರಾರುವಾಕ್ಕಾಗಿ ಆರೇ ಆಗಬೇಕೆಂದಿಲ್ಲ. ಹೆಚ್ಚಿನವರಿಗೆ ಅದು ನಾಲ್ಕೂವರೆಯಿಂದ ಆರೂವರೆಯ ನಡುವೆ ಎಲ್ಲೋ ಸಿಗುತ್ತದೆ.

2001ರಲ್ಲಿ ಇಟಲಿಯ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 23 ಜನರಿಂದ ಎರಡು ಬಗೆಯ ಪ್ರಾರ್ಥನೆ ಹೇಳಿಸಿ ನೋಡಿದರು. ಒಂದು ಲ್ಯಾಟಿನ್‌ನಲ್ಲಿ ಕ್ರೈಸ್ತರ ಜಪಸರದ ಪ್ರಾರ್ಥನೆ, ಇನ್ನೊಂದು ‘ಓಂ ಮಣಿ ಪದ್ಮೇ ಹೂಂ’. ಎರಡರಲ್ಲೂ ಉಸಿರು ನಿಮಿಷಕ್ಕೆ ಹೆಚ್ಚುಕಡಿಮೆ ಆರಕ್ಕೆ ಇಳಿದಿತ್ತು. ಇದನ್ನು ಓದಿದಾಗ ನನಗೆ ನಗು ಬಂತು. ಎರಡೂ ನಮ್ಮ ಜಿಲ್ಲೆಯಲ್ಲೇ ಇವೆ. ಕಾರವಾರದಿಂದ ಹೊನ್ನಾವರದವರೆಗಿನ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಸಂಜೆ ಜಪಸರ ನಡೆಯುತ್ತದೆ, ಘಟ್ಟ ಹತ್ತಿ ಮುಂಡಗೋಡಕ್ಕೆ ಹೋದರೆ ಟಿಬೆಟನ್ ಅಜ್ಜಿಯರು ಮಣಿ ಮಂತ್ರ ಹೇಳುತ್ತ ನಡೆದಾಡುತ್ತಾರೆ. ನಿಮಗೆ ರೂಢಿಯಾದ ಶ್ಲೋಕವೋ ವಚನವೋ ಒಂದೇ ಉಸಿರಿನಲ್ಲಿ ಆರೇಳು ಸೆಕೆಂಡು ಸಾಗುವಂತಿದ್ದರೆ ಅದೂ ಆಗುತ್ತದೆ. ದೇವರನ್ನು ನಂಬದವರು ಒಂದರಿಂದ ಆರರವರೆಗೆ ಎಣಿಸಲಿ, ವೇಗಸ್ ನರಕ್ಕೆ ಪಕ್ಷಪಾತವಿಲ್ಲ.

ಕೂತು ಮಾಡುವ ಕ್ರಮ

ಬೆನ್ನಿಗೆ ಆಸರೆ ಇರುವ ಕುರ್ಚಿ ಸಾಕು, ಪದ್ಮಾಸನ ಬೇಡ. ಊಟವಾಗಿ ಎರಡು ಗಂಟೆ ಕಳೆದಿರಲಿ. ಲುಂಗಿಯ ಗಂಟು, ಬೆಲ್ಟು, ಸೀರೆಯ ಒಳಲಂಗದ ಲಾಡಿ, ಏನಿದ್ದರೂ ಸಡಿಲಿಸಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಹೊಟ್ಟೆಗೆ ಜಾಗವಿಲ್ಲದೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ, ಕೆಳಗಿಳಿಯುವುದಿಲ್ಲ.

ಒಂದು ಅಂಗೈಯನ್ನು ಹೊಕ್ಕುಳ ಮೇಲಿಡಿ. ಮೊದಲ ಕೆಲಸ ಉಸಿರು ಬಿಡುವುದು, ಎಳೆಯುವುದಲ್ಲ. ಮೂಗಿನಿಂದ ಮೆಲ್ಲಗೆ, ಬಿಸಿ ಚಹಾದ ಮೇಲೆ ಊದಿದಷ್ಟೂ ಜೋರಿಲ್ಲದೆ, ಹೊಟ್ಟೆ ಒಳಹೋಗುವವರೆಗೆ ಬಿಡಿ. ಆಮೇಲೆ ಉಸಿರು ತಾನಾಗಿ ಒಳಗೆ ಬರುತ್ತದೆ, ಅದನ್ನು ಬರಗೊಡಿ. ಕೈ ಮೇಲೇಳಲಿ, ಹೆಗಲು ಏಳದಿರಲಿ.

ಮೊದಲ ವಾರ ಮೂರು ಎಣಿಸುವಷ್ಟು ಒಳಗೆ, ನಾಲ್ಕು ಎಣಿಸುವಷ್ಟು ಹೊರಗೆ. ಎರಡನೆಯ ವಾರ ಮೂರು ಮತ್ತು ಐದು. ಮೂರನೆಯ ವಾರದಿಂದ ನಾಲ್ಕು ಮತ್ತು ಆರು. ಗೋಡೆ ಗಡಿಯಾರದ ಟಿಕ್ ಟಿಕ್ ಒಳ್ಳೆಯ ತಾಳ, ಒಂದು ಟಿಕ್ಕಿಗೆ ಒಂದು ಎಣಿಕೆ. ನಡುವೆ ಉಸಿರು ಹಿಡಿಯಬೇಡಿ. ದಿನಕ್ಕೆ ಎರಡು ಬಾರಿ ಐದೈದು ನಿಮಿಷದಿಂದ ಶುರುಮಾಡಿ, ಹಿತವಾದರೆ ಹತ್ತಕ್ಕೆ ಹೋಗಿ. ‘ಗಾಳಿ ಸಾಲುತ್ತಿಲ್ಲ’ ಎನ್ನಿಸಿದರೆ ನಿಮ್ಮ ಎಣಿಕೆ ಉದ್ದವಾಗಿದೆ ಎಂದರ್ಥ, ಹಿಂದಿನ ವಾರಕ್ಕೆ ಮರಳಿ. ಬೆರಳು ಜುಮುಗುಟ್ಟಿದರೆ ಉಸಿರು ದೊಡ್ಡದಾಗಿದೆ ಎಂದರ್ಥ, ಚಿಕ್ಕದು ಮಾಡಿ.

ಇಲ್ಲೊಂದು ಸಣ್ಣ ಗಣಿತ ಇದೆ, ಮೇಷ್ಟರ ಚಟ, ಸಹಿಸಿಕೊಳ್ಳಿ. ಸಾಮಾನ್ಯ ಉಸಿರಿನಲ್ಲಿ ಒಳಬರುವ ಗಾಳಿ ಸುಮಾರು 500 ಮಿಲಿಲೀಟರ್. ಅದರಲ್ಲಿ 150ರಷ್ಟು ಗಂಟಲು, ಶ್ವಾಸನಾಳಗಳಲ್ಲೇ ಉಳಿದು ರಕ್ತವನ್ನು ಮುಟ್ಟದೆ ಹಿಂದಿರುಗುತ್ತದೆ. ನಿಮಿಷಕ್ಕೆ 12 ಉಸಿರಾದರೆ ಎಳೆದದ್ದು 6 ಲೀಟರ್, ರಕ್ತಕ್ಕೆ ಸಿಕ್ಕಿದ್ದು 4.2 ಲೀಟರ್. ಅದೇ 6 ಲೀಟರನ್ನು ಆರು ಉಸಿರಿನಲ್ಲಿ ಎಳೆದರೆ ರಕ್ತಕ್ಕೆ ಸಿಗುವುದು 5.1 ಲೀಟರ್. ಹಾಗಾಗಿ ನಿಧಾನವಾಗಿ ಉಸಿರಾಡುವಾಗ ಮೊದಲಿನಷ್ಟು ಗಾಳಿ ಬೇಕಾಗುವುದೇ ಇಲ್ಲ. ಬೇಕಾದಷ್ಟನ್ನು ದೇಹವೇ ತೆಗೆದುಕೊಳ್ಳುತ್ತದೆ, ನೀವು ಎಣಿಕೆ ನೋಡಿಕೊಂಡರೆ ಸಾಕು.

ಕಡಲ ಅಲೆಯ ತಾಳಕ್ಕೆ ಉಸಿರಾಡಿ ಎಂದು ಹೇಳುವವರಿದ್ದಾರೆ. ಕೇಳಲು ಚೆಂದ. ನಾನು ಒಂದು ತಿಂಗಳು ಪ್ರಯತ್ನಿಸಿದೆ. ಅಲೆ ಯಾರ ತಾಳವನ್ನೂ ಕೇಳುವುದಿಲ್ಲ. ಒಂದು ಬೇಗ ಬರುತ್ತದೆ, ಒಂದು ದಡ ಮುಟ್ಟುವ ಮೊದಲೇ ಒಡೆಯುತ್ತದೆ, ಜೂನ್ ಬಂದರೆ ಒಂದರ ಮೇಲೊಂದು ಬಿದ್ದು ನಿಮ್ಮನ್ನೇ ಏದುಸಿರು ಬಿಡಿಸುತ್ತದೆ. ಕಡಲನ್ನು ನೋಡುತ್ತ ಕೂರಿ, ಎಣಿಕೆಗೆ ಗಡಿಯಾರ ಇರಲಿ.

ಅತ್ತಿಗೆಗೆ ಎಣಿಕೆ ಹಿಡಿಸಲಿಲ್ಲ. ಬಾಯಿ ಮುಚ್ಚಿ ಮೂಗಿನಲ್ಲಿ ‘ಹೂಂ’ ಎಂದು ಗುನುಗುತ್ತ ಉಸಿರು ಬಿಡಲು ಹೇಳಿದೆ. ಗುನುಗಿದರೆ ಹೊರ ಉಸಿರು ತಾನಾಗಿ ಉದ್ದವಾಗುತ್ತದೆ, ಭ್ರಾಮರಿ ಪ್ರಾಣಾಯಾಮದ ಗುಟ್ಟೂ ಅದೇ. ಗುನುಗುವಾಗ ಮೂಗಿನ ಗಾಳಿಯಲ್ಲಿ, ರಕ್ತನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಸುಮಾರು 15 ಪಟ್ಟು ಹೆಚ್ಚುತ್ತದೆ ಎಂದು 2002ರಲ್ಲಿ ಸ್ವೀಡನ್ನಿನ ಸಂಶೋಧಕರು ಅಳೆದಿದ್ದಾರೆ. ಅದರಿಂದ ಬಿ.ಪಿ. ಇಳಿಯುತ್ತದೆ ಎಂದು ಅಲ್ಲಿಗೇ ಹಾರಬೇಡಿ, ಅವರು ಅಳೆದದ್ದು ಮೂಗಿನ ಗಾಳಿಯನ್ನು. ಅತ್ತಿಗೆ ಈಗ ಸಂಜೆ ದೀಪ ಹಚ್ಚಿದ ಮೇಲೆ ಗುನುಗಲು ಕೂರುತ್ತಾರೆ. ಮೊದಮೊದಲು ಕೊಟ್ಟಿಗೆಯಿಂದ ಆಕಳು ಓಗೊಡುತ್ತಿತ್ತಂತೆ.

ಎಷ್ಟು ನಿರೀಕ್ಷಿಸಬೇಕು

2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರಕ್ತದೊತ್ತಡವಿದ್ದ 20 ಜನ ಎರಡು ನಿಮಿಷ ಮಾತ್ರ ಆರರ ಲೆಕ್ಕದಲ್ಲಿ ಉಸಿರಾಡಿದಾಗ ಮೇಲಿನ ಅಂಕಿ ಸರಾಸರಿ 150ರ ಹತ್ತಿರದಿಂದ 141ಕ್ಕೆ, ಕೆಳಗಿನದು 83ರಿಂದ 78ಕ್ಕೆ ಇಳಿದಿತ್ತು. ಇದು ಆ ಹೊತ್ತಿನ ಇಳಿತ. ಎದ್ದು ಹೋಗಿ ಮಗನ ಜೊತೆ ಆಸ್ತಿ ಪಾಲಿನ ಮಾತಾಡಿದರೆ ಮತ್ತೆ ಏರುತ್ತದೆ. ವಾರಗಟ್ಟಲೆ ಮಾಡಿದವರಲ್ಲಿ ಉಳಿಯುವ ಇಳಿತ ಕೆಲವೇ ಅಂಕಿಗಳಷ್ಟು, ಅದೂ ಎಲ್ಲರಲ್ಲಿ ಒಂದೇ ರೀತಿ ಇಲ್ಲ. ಮನಸ್ಸಿನ ಮೇಲಿನ ಪರಿಣಾಮ ಬೇಗ ಗೊತ್ತಾಗುತ್ತದೆ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನವರ ಪ್ರಯೋಗದಲ್ಲಿ ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಹೊರ ಉಸಿರನ್ನು ಉದ್ದಮಾಡಿದ ಗುಂಪಿಗೆ, ಅಷ್ಟೇ ಹೊತ್ತು ಧ್ಯಾನ ಮಾಡಿದ ಗುಂಪಿಗಿಂತ ಹೆಚ್ಚು ಉಲ್ಲಾಸ ಕಂಡುಬಂದಿತ್ತು.

ನಿಜ ಹೇಳಬೇಕೆಂದರೆ, ಬಿ.ಪಿ.ಯ ವಿಷಯದಲ್ಲಿ ನಮ್ಮ ಕಡೆ ಉಸಿರಿಗಿಂತ ದೊಡ್ಡ ಆರೋಪಿ ಉಪ್ಪು. ಘಟ್ಟದ ಮೇಲೆ ಮಿಡಿ ಉಪ್ಪಿನಕಾಯಿ, ಘಟ್ಟದ ಕೆಳಗೆ ಒಣಮೀನು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ ಭರಣಿಯನ್ನು ದೂರ ಇಡದೆ ಬರೀ ಉಸಿರು ಉದ್ದ ಮಾಡಿದರೆ ಆಗುವುದು ಅಷ್ಟಕ್ಕಷ್ಟೇ.

ಗುಣ ನೋಡಬೇಕಿದ್ದರೆ ಅಳತೆ ಸರಿಯಿರಬೇಕು. ಬಿ.ಪಿ. ನೋಡುವ ಅರ್ಧ ಗಂಟೆ ಮೊದಲು ಚಹಾ, ಕಾಫಿ ಬೇಡ, ಎಲೆ ಅಡಿಕೆಯ ಕವಳವೂ ಬೇಡ. ಅಡಿಕೆಯ ಒಂದು ಕವಳಕ್ಕೇ ನಾಡಿ ಏರುತ್ತದೆ, ತಂಬಾಕು ಸೇರಿದರೆ ಕೇಳುವುದೇ ಬೇಡ. ಐದು ನಿಮಿಷ ಮಾತಾಡದೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ನೋಡಿ. ಉಸಿರಿನ ಅಭ್ಯಾಸ ಮುಗಿದ ತಕ್ಷಣ ಅಳೆದು ಖುಷಿಪಡುವುದು ನಮಗೆ ನಾವೇ ಮಾಡಿಕೊಳ್ಳುವ ಮೋಸ. ಅಭ್ಯಾಸಕ್ಕೆ ಮೊದಲು, ದಿನವೂ ಒಂದೇ ಹೊತ್ತಿಗೆ ಅಳೆದು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಡಿ. ಮನೆಯಲ್ಲಿ ನೋಡಿದ ವಾರದ ಸರಾಸರಿ 135/85ಕ್ಕಿಂತ ಮೇಲಿದ್ದರೆ ಪುಸ್ತಕದ ಸಮೇತ ವೈದ್ಯರ ಬಳಿ ಹೋಗಿ. ಮಾತ್ರೆ ತಗ್ಗಿಸುವುದೂ ಬಿಡುವುದೂ ಅವರು ಹೇಳಿದ ಮೇಲೆ.

ಯಾರು ಎಚ್ಚರವಾಗಿರಬೇಕು

ಹೃದಯದ ತೊಂದರೆ ಅಥವಾ ಹೆಚ್ಚಿನ ಬಿ.ಪಿ. ಇರುವವರು, ಗರ್ಭಿಣಿಯರು ಉಸಿರು ಹಿಡಿಯುವ ಕುಂಭಕ, ಜೋರಾಗಿ ಉಸಿರಾಡುವ ಭಸ್ತ್ರಿಕಾ, ಕಪಾಲಭಾತಿಗಳ ಗೊಡವೆಗೆ ಹೋಗಬೇಡಿ. ಇಲ್ಲಿ ಹೇಳಿದ್ದು ಅದಲ್ಲ. ಮಳೆಗಾಲದ ತೇವಕ್ಕೆ ಉಬ್ಬಸ ಕೆರಳುವವರು ಎದೆ ಬಿಗಿದಿರುವಾಗ ಎಣಿಕೆ ಹಿಡಿಯಬಾರದು, ಇನ್‌ಹೇಲರ್ ಮೊದಲು. ಬಿ.ಪಿ. ಕಡಿಮೆಯಿರುವವರು ಮುಗಿಸಿದ ಕೂಡಲೇ ಏಳದೆ ಒಂದು ನಿಮಿಷ ಕೂತಿರಲಿ. ಕಣ್ಣು ಮುಚ್ಚಿಕೊಂಡು ಉಸಿರು ನೋಡುತ್ತಿದ್ದರೆ ಕೆಲವರಿಗೆ ಗಾಬರಿ ಹೆಚ್ಚುತ್ತದೆ. ಅಂಥವರು ಕಣ್ಣು ತೆರೆದು, ಅಂಗಳದ ತುಳಸಿಯನ್ನೋ ತೆಂಗಿನ ಗರಿಯನ್ನೋ ನೋಡುತ್ತ ಮಾಡಬಹುದು. ಬೈಕ್ ಓಡಿಸುವಾಗ ಬೇಡ, ಘಟ್ಟದ ತಿರುವಿನಲ್ಲಂತೂ ಬೇಡವೇ ಬೇಡ.

ಎದೆಯ ನಡುವೆ ಒತ್ತಿದಂತೆ, ಹಿಂಡಿದಂತೆ ನೋವು ಬಂದು, ಎಡತೋಳಿಗೋ ದವಡೆಗೋ ಹರಡಿ, ತಣ್ಣನೆ ಬೆವರು ಬಂದರೆ ‘ಉಸಿರು ನಿಧಾನ ಮಾಡಿದರೆ ಹೋಗುತ್ತದೆ’ ಎಂದು ಕೂರಬೇಡಿ. ಗ್ಯಾಸ್ ಎಂದು ಜೀರಿಗೆ ಕಷಾಯ ಕಾಯಿಸುತ್ತಲೂ ಕೂರಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿಸಿ. ನಮ್ಮ ಜಿಲ್ಲೆಯಿಂದ ಹೃದಯದ ದೊಡ್ಡ ಚಿಕಿತ್ಸೆಗೆ ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾ ಸೇರಬೇಕು. ದಾರಿಯಲ್ಲೇ ಗಂಟೆಗಳು ಹೋಗುತ್ತವೆ, ಮನೆಯಲ್ಲಿ ಕಳೆಯಲು ನಮ್ಮ ಬಳಿ ಹೊತ್ತಿಲ್ಲ.